ಹೆಲ್ಸಿಂಕಿ ನಗರದಲ್ಲಿ ಒಂದು ದಿನ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸಂಘದ ಕಾರ್ಯದರ್ಶಿಗಳು ನಮ್ಮ ಮನೆಗೆ ಬಂದು, "ಮಾಸ್ತರೇ, ತಾವು ಯುರೋಪು ಖಂಡಕ್ಕೆ ಹೋಗಿ ಬಂದಿದ್ದೀರಿ, ಅಲ್ಲಿಯ ವಿಚಾರವಾಗಿ ನಾಲ್ಕು ಮಾತು ಹೇಳಬೇಕು" ಎಂದು ಆಗ್ರಹಪಡಿಸಿದಾಗ ನಾನು ಮೊದಲು ಹಿಂಜರಿದೆ. ವಿದೇಶಯಾತ್ರೆಯೆಂಬುದು ಈಗ ಅಪೂರ್ವವಾದ ಸಂಗತಿಯಲ್ಲ. ಈ ಸಭೆಯಲ್ಲಿ ಕುಳಿತಿರುವ ಎಷ್ಟೋ ಮಂದಿಯ ಮಕ್ಕಳು ಕೊಲ್ಲಿಯ ನಾಡುಗಳಲ್ಲಿಯೂ ಅಮೆರಿಕೆಯಲ್ಲಿಯೂ ಇದ್ದಾರೆ. ಅವರ ಮುಂದೆ ನಾನು ವಿಮಾನದ ವರ್ಣನೆ ಮಾಡಹೊರಟರೆ ಅದು ಬಾವಿಯ ನೀರನ್ನು ಹೊಳೆಗೆ ಸುರಿದಂತಾದೀತು. ಆದುದರಿಂದ ನಾನು ಇಡೀ ಪ್ರವಾಸದ ಕಥೆಯನ್ನು ಹೇಳುವುದಿಲ್ಲ. ಒಂದೇ ಒಂದು ದಿನದ ವೃತ್ತಾಂತವನ್ನು ನಿವೇದಿಸುತ್ತೇನೆ. ಆ ದಿನ ನನ್ನ ಕಾಲುಗಳು ನನ್ನ ಮೇಲೆ ದಂಗೆಯೆದ್ದವು. ಆದರೂ ಎರಡು ತಿಂಗಳ ಆ ವಾಸದಲ್ಲಿ ಮನಸ್ಸಿನಲ್ಲಿ ಅಳಿಯದೆ ಉಳಿದಿರುವುದು ಅದೊಂದೇ ದಿನ.

ನನ್ನ ಮಗಳೂ ಅಳಿಯನೂ ಫಿನ್ಲೆಂಡ್ ದೇಶದ ರಾಜಧಾನಿಯಾದ ಹೆಲ್ಸಿಂಕಿಯಲ್ಲಿ ಎಂಟು ವರ್ಷಗಳಿಂದ ನೆಲಸಿದ್ದಾರೆ. 2023ರ ಬೇಸಗೆಯಲ್ಲಿ ನಾನು ಅಲ್ಲಿಗೆ ಹೋದೆ. ನಮ್ಮ ಕಾಸರಗೋಡು ಭೂಮಧ್ಯರೇಖೆಯಿಂದ ಉತ್ತರಕ್ಕೆ ಹನ್ನೆರಡೂವರೆ ಅಕ್ಷಾಂಶದಲ್ಲಿದ್ದರೆ ಆ ಊರು ಅರವತ್ತರಲ್ಲಿದೆ. ಜುಲೈ ತಿಂಗಳ ಮೊದಲ ವಾರದಲ್ಲಿ ಅಲ್ಲಿ ಬೆಳಗಿನ ನಾಲ್ಕು ಗಂಟೆಗೆ ಉದಿಸಿದ ಸೂರ್ಯ ರಾತ್ರಿ ಹತ್ತೂಮುಕ್ಕಾಲರವರೆಗೆ ಮುಳುಗುವುದಿಲ್ಲ. ಮುಳುಗಿದ ಮೇಲೂ ಕತ್ತಲೆಯೆಂದು ಹೇಳತಕ್ಕ ಕತ್ತಲೆ ಬರುವುದಿಲ್ಲ. ಊರು ನೋಡುವವನಿಗೆ ಇದಕ್ಕಿಂತ ಅಪಾಯಕರವಾದ ವ್ಯವಸ್ಥೆ ಬೇರೊಂದಿಲ್ಲ. ಕತ್ತಲಾಯಿತು, ಮನೆಗೆ ಹೋಗೋಣ ಎಂದು ಹೇಳುವ ಅವಕಾಶವೇ ಅಲ್ಲಿಲ್ಲ.

ಅಂದು ನನಗೆ ಮಾರ್ಗದರ್ಶಿಯಾದವಳು ಒಂಬತ್ತು ವರ್ಷದ ನನ್ನ ಮೊಮ್ಮಗಳು. ಶಾಲೆಗೆ ಬೇಸಗೆಯ ರಜೆ. ತಾಯಿ ನಮ್ಮ ಜೊತೆಗಿದ್ದಳು. ಆದರೆ ದಾರಿ ತೋರಿಸುವ ಅಧಿಕಾರವನ್ನು ಮಗು ಯಾರಿಗೂ ಬಿಟ್ಟುಕೊಡಲಿಲ್ಲ. ಆಕೆ ಹುಟ್ಟಿದ್ದು ನಮ್ಮಲ್ಲಿ, ಬೆಳೆದದ್ದು ಅಲ್ಲಿ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ. ಆದರೆ ಆ ಕನ್ನಡಕ್ಕೆ ಬೇರೆ ಮಕ್ಕಳ ಜೊತೆ ಆಡಿ ಸವೆದ ಹದವಿಲ್ಲ. ದೊಡ್ಡವರಿಂದಲೇ ಕಲಿತ, ಸ್ವಲ್ಪ ಮುದಿಯಾದ ಕನ್ನಡ. ಅಕ್ಷರಗಳನ್ನು ನಾನು ಆ ಎರಡು ತಿಂಗಳಲ್ಲಿ ಕಲಿಸಲು ತೊಡಗಿದ್ದೆ. ಮೂವತ್ತೊಂದು ವರ್ಷ ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಹೇಳಿದವನು ನಾನು. ನಾನು ಸೇರಿದಾಗ ತರಗತಿಯಲ್ಲಿ ನಲ್ವತ್ತಕ್ಕೂ ಮಿಕ್ಕಿ ಮಕ್ಕಳಿದ್ದರು. ನಿವೃತ್ತನಾದ ವರ್ಷ ಹನ್ನೊಂದು ಮಂದಿ. ಕೊನೆಗೆ ಒಬ್ಬಳೇ ವಿದ್ಯಾರ್ಥಿನಿ ದೊರೆತದ್ದು ಸಮುದ್ರದಾಚೆ, ಅರವತ್ತನೆಯ ಅಕ್ಷಾಂಶದಲ್ಲಿ.

ಬೆಳಿಗ್ಗೆ ಎಂಟು ಗಂಟೆಗೆ ರೈಲು ಹತ್ತಿದೆವು. ಪ್ರತಿಯೊಂದು ನಿಲ್ದಾಣ ಬಂದಾಗಲೂ ಧ್ವನಿವರ್ಧಕ ಅದರ ಹೆಸರನ್ನು ಎರಡು ಬಾರಿ ಹೇಳುತ್ತಿತ್ತು. ಹಳೆಯ ಅಭ್ಯಾಸದಂತೆ ನಾನು, ಒಂದು ಸಲ ಕೇಳಿಸದವರಿಗಾಗಿ ಪುನಃ ಹೇಳುತ್ತಾರೆಂದು ಭಾವಿಸಿದೆ. ಮೊಮ್ಮಗಳು ನಕ್ಕಳು. "ಅಲ್ಲ ಅಜ್ಜ, ಮೊದಲು ಹೇಳಿದ್ದು ಫಿನ್ನಿಷ್, ಅನಂತರದ್ದು ಸ್ವೀಡಿಷ್" ಎಂದಳು. ಕೇಂದ್ರ ನಿಲ್ದಾಣದಲ್ಲಿ ಇಳಿದಾಗ ಫಲಕದ ಮೇಲೆಯೂ ಹಾಗೆಯೇ ಇತ್ತು: ಹೆಲ್ಸಿಂಕಿ ಎಂದು ಒಂದು, ಹೆಲ್ಸಿಂಗ್‌ಫೋರ್ಸ್ ಎಂದು ಇನ್ನೊಂದು. ಎಲಿಯೆಲ್ ಸಾರಿನೆನ್ ಎಂಬ ವಾಸ್ತುಶಿಲ್ಪಿ ಕಟ್ಟಿದ ಆ ನಿಲ್ದಾಣ 1919ರಲ್ಲಿ ತೆರೆಯಿತು. ಅದರ ಹೆಬ್ಬಾಗಿಲಿನ ಎರಡು ಬದಿಗಳಲ್ಲಿ ಗೋಲಾಕಾರದ ದೀಪಗಳನ್ನು ಹಿಡಿದು ನಿಂತಿರುವ ದೈತ್ಯ ಶಿಲಾಪುರುಷರಿದ್ದಾರೆ. ನಮ್ಮ ದೇವಾಲಯಗಳ ದ್ವಾರಪಾಲಕರ ನೆನಪು ತರುವಂಥವರು, ಆದರೆ ಮುಖದಲ್ಲಿ ಉಗ್ರತೆಯಿಲ್ಲ.

ಅಲ್ಲಿಂದ ನಡಿಗೆ ಪ್ರಾರಂಭ. ಬೀದಿಯ ಮೂಲೆಮೂಲೆಗಳಲ್ಲಿ ಹೆಸರಿನ ಫಲಕಗಳು. ಒಂದೊಂದರಲ್ಲಿಯೂ ಎರಡೆರಡು ಸಾಲು. ಮೇಲೆ 'ಅಲೆಕ್ಸಾಂತೆರಿನ್‌ಕಾತು', ಕೆಳಗೆ 'ಅಲೆಕ್ಸಾಂಡರ್ಸ್‌ಗಾತನ್'. ಅಕ್ಷರಗಳ ಗಾತ್ರ ಒಂದೇ, ಬಣ್ಣ ಒಂದೇ. ಬಹುಸಂಖ್ಯರ ಭಾಷೆ ಮೇಲೆ, ಅಲ್ಪಸಂಖ್ಯರದು ಕೆಳಗೆ. ಸ್ವೀಡಿಷ್ ಮಾತಾಡುವವರೇ ಹೆಚ್ಚಾಗಿರುವ ಕರಾವಳಿಯ ಊರುಗಳಲ್ಲಿ ಇದೇ ಕ್ರಮ ತಲೆಕೆಳಗಾಗುತ್ತದಂತೆ.

ನನ್ನ ಕುತೂಹಲ ಕೆರಳಿತು. ಅನಂತರ ವಿಚಾರಿಸಿ ತಿಳಿದುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆರೂವರೆ ಲಕ್ಷಕ್ಕೂ ಹೆಚ್ಚು ಜನರಿರುವ ಆ ನಗರದಲ್ಲಿ ಸ್ವೀಡಿಷ್ ಮಾತೃಭಾಷೆಯವರು ನೂರಕ್ಕೆ ಆರಕ್ಕಿಂತ ಕಡಿಮೆ. ಆ ದೇಶದ 2003ರ ಭಾಷಾ ಶಾಸನದ ಪ್ರಕಾರ, ಒಂದು ಪೌರಸಭೆಯ ವ್ಯಾಪ್ತಿಯಲ್ಲಿ ಅಲ್ಪಸಂಖ್ಯರ ಭಾಷೆಯವರು ನೂರಕ್ಕೆ ಎಂಟು ಮಂದಿ ಇದ್ದರೆ, ಅಥವಾ ಒಟ್ಟಿನಲ್ಲಿ ಮೂರು ಸಾವಿರ ಮಂದಿ ಇದ್ದರೆ, ಆ ಊರು ದ್ವಿಭಾಷಾ ಊರು. ಹತ್ತು ವರ್ಷಗಳಿಗೊಮ್ಮೆ ಎಣಿಸಿ ನೋಡುತ್ತಾರೆ. ಯಾರ ದಾಕ್ಷಿಣ್ಯವೂ ಬೇಕಿಲ್ಲ, ಮನವಿಪತ್ರವೂ ಬೇಕಿಲ್ಲ. ಲೆಕ್ಕ ಸರಿಯಾದರೆ ಫಲಕ ತಾನಾಗಿ ಏಳುತ್ತದೆ. ನಮ್ಮ ಸಂಘದ ಕಡತಗಳಲ್ಲಿ 1956ರಿಂದ ಈಚೆಗೆ ಸೇರಿರುವ ಮನವಿಪತ್ರಗಳ ನಕಲುಗಳನ್ನು ಕಂಡವರಿಗೆ ಈ ಮಾತಿನ ಸ್ವಾರಸ್ಯವನ್ನು ವಿವರಿಸಬೇಕಾಗಿಲ್ಲ.

ಆದರೆ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಸೆನೆಟ್ ಚೌಕಕ್ಕೆ ಹೋದಾಗ ಅದು ನನಗೆ ಸ್ಪಷ್ಟವಾಯಿತು. ವಿಶಾಲವಾದ ಚೌಕ, ಅದರ ಒಂದು ಕಡೆಯಲ್ಲಿ ಬೆಟ್ಟದಂತೆ ಏರುವ ಮೆಟ್ಟಿಲುಗಳು, ಅವುಗಳ ತುದಿಯಲ್ಲಿ ಬೆಳ್ಳಗಿನ ದೇವಾಲಯ. ಕಾರ್ಲ್ ಲುಡ್ವಿಗ್ ಎಂಗೆಲ್ ಎಂಬವನು ರೂಪಿಸಿದ ಆ ದೇವಾಲಯ 1852ರಲ್ಲಿ ಪೂರ್ಣವಾಯಿತು. ಚೌಕದ ನಡುವೆ ನಿಂತಿರುವುದು ಫಿನ್ನಿಷ್ ವೀರನ ಪ್ರತಿಮೆಯಲ್ಲ. ರಷ್ಯದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಪ್ರತಿಮೆ. 1809ರವರೆಗೆ ಸ್ವೀಡನ್ನಿನ ಆಳಿಕೆ, ಅನಂತರ 1917ರವರೆಗೆ ರಷ್ಯದ ಆಳಿಕೆ. ಇದು ಆ ದೇಶದ ಚರಿತ್ರೆ. ಶತಮಾನಗಳ ಕಾಲ ಕಚೇರಿಯೂ ನ್ಯಾಯಾಲಯವೂ ಸ್ವೀಡಿಷ್ ಭಾಷೆಯಲ್ಲಿಯೇ ನಡೆದವು. ಬಹುಸಂಖ್ಯರಾದ ರೈತರ ಫಿನ್ನಿಷ್ ಭಾಷೆ ಹೊರಗೆ ಜಗಲಿಯಲ್ಲಿ ಕುಳಿತಿತ್ತು. 1863ರಲ್ಲಿ ಈ ಚಕ್ರವರ್ತಿ ಒಂದು ಆಜ್ಞೆ ಹೊರಡಿಸಿ, ಇಪ್ಪತ್ತು ವರ್ಷಗಳೊಳಗೆ ಫಿನ್ನಿಷ್ ಭಾಷೆಗೆ ಕಚೇರಿ ನ್ಯಾಯಾಲಯಗಳಲ್ಲಿ ಸಮಾನ ಸ್ಥಾನ ಸಿಗಬೇಕೆಂದು ವಿಧಿಸಿದ. ಪರಕೀಯನಾದರೂ ಆ ಉಪಕಾರವನ್ನು ಜನ ಮರೆಯಲಿಲ್ಲ. 1894ರಲ್ಲಿ ನಿಲ್ಲಿಸಿದ ಅವನ ಪ್ರತಿಮೆ ಸ್ವಾತಂತ್ರ್ಯಾನಂತರವೂ ಅಲ್ಲಿಯೇ ಇದೆ.

ಎಂದರೆ ಇಂದು ಕೆಳಗಿನ ಸಾಲಿನಲ್ಲಿರುವ ಭಾಷೆ ಒಂದು ಕಾಲದಲ್ಲಿ ಆಳುವವರ ಭಾಷೆ. ಕಾಸರಗೋಡಿನ ಕನ್ನಡಿಗರ ಪರಿಸ್ಥಿತಿ ಅದಲ್ಲ. ಅಲ್ಲಿಯೂ ಗೊಣಗುವವರಿಲ್ಲವೆಂದಲ್ಲ. ಶಾಲೆಯ ಮಕ್ಕಳೆಲ್ಲರೂ ಸ್ವೀಡಿಷನ್ನು ಕಡ್ಡಾಯವಾಗಿ ಕಲಿಯಬೇಕೆಂಬ ನಿಯಮದ ಮೇಲೆ ಬಹುಕಾಲದಿಂದ ವಾದವಿವಾದ ನಡೆದೇ ಇದೆ. ಆದರೆ ಗೊಣಗಾಟವೂ ಫಲಕವೂ ಜೊತೆಜೊತೆಯಾಗಿ ನಿಂತಿವೆ. ನನಗೆ ಮೆಚ್ಚಿಕೆಯಾದುದು ಅದೇ.

ಮೆಟ್ಟಿಲುಗಳನ್ನು ಹತ್ತಿ ಇಳಿಯುವಷ್ಟರಲ್ಲಿ ಮೊಣಕಾಲು ತನ್ನ ಇರವನ್ನು ನೆನಪಿಸಿತು. ಬಂದರಿನ ಅಂಚಿನ ಸಂತೆಯ ಚೌಕದಲ್ಲಿ ಕುಳಿತು ಉಪಾಹಾರ ಮಾಡಿದೆವು. ಅಲ್ಲಿ ಎಳೆಯ ಬಟಾಣಿಯ ಕೋಡುಗಳನ್ನೂ ಸ್ಟ್ರಾಬೆರಿ ಹಣ್ಣನ್ನೂ ತೂಗಿ ಮಾರುವುದಿಲ್ಲ. ಲೀಟರಿನ ಅಳತೆಪಾತ್ರೆಯಲ್ಲಿ ತುಂಬಿ ಅಳೆದು ಕೊಡುತ್ತಾರೆ. ನಮ್ಮ ಹಿರಿಯರು ಸೇರು ಪಾವುಗಳಲ್ಲಿ ಅಳೆಯುತ್ತಿದ್ದುದು ಕಣ್ಣಿಗೆ ಕಟ್ಟಿತು. ಬಟಾಣಿಯನ್ನು ಹಸಿಯಾಗಿಯೇ ಸುಲಿದು ತಿನ್ನುವುದು ಅಲ್ಲಿಯ ಪದ್ಧತಿ. ಜೊತೆಗೆ 'ಪುಲ್ಲಾ' ಎಂಬ ಸಿಹಿ ರೊಟ್ಟಿ ಕೊಂಡೆವು. ಮುರಿದು ಮೂಗಿನ ಬಳಿ ತಂದರೆ ಏನಾಶ್ಚರ್ಯ, ಏಲಕ್ಕಿಯ ಪರಿಮಳ! ಮಲೆನಾಡಿನ ತೋಟದ ಸರಕು ಹಿಮದ ನಾಡಿನ ರೊಟ್ಟಿಯಲ್ಲಿ ನಿತ್ಯದ ವಸ್ತುವಾಗಿದೆ. ಈ ವಿಷಯವಾಗಿ ನಾನು ಮೊಮ್ಮಗಳಿಗೆ ಉಪನ್ಯಾಸ ಆರಂಭಿಸಿ, ರೊಟ್ಟಿ ಹಿಡಿದ ಕೈಯನ್ನು ಎತ್ತಿದ್ದೇ ತಡ, ಬಿಳಿಯ ಕಡಲಹಕ್ಕಿಯೊಂದು ಹಿಂದಿನಿಂದ ಎರಗಿ ರೊಟ್ಟಿಯನ್ನು ಕಸಿದುಕೊಂಡು ಹೋಯಿತು. ಸುತ್ತಲಿದ್ದವರು ಯಾರೂ ಆಶ್ಚರ್ಯಪಡಲಿಲ್ಲ. ಅಲ್ಲಿಯ ಹಕ್ಕಿಗಳಿಗೆ ಉಪನ್ಯಾಸಕರ ಪರಿಚಯ ಚೆನ್ನಾಗಿದೆಯೆಂದು ತೋರುತ್ತದೆ.

ಅದೇ ಚೌಕದ ದಕ್ಕೆಯಿಂದ ದೋಣಿ ಹತ್ತಿದರೆ ಕಾಲು ಗಂಟೆಯಲ್ಲಿ ಸಮುದ್ರದ ನಡುವಣ ಕೋಟೆಯನ್ನು ತಲುಪಬಹುದು. ಇದರ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಬೇಕಲದ ಕೋಟೆಯ ಮೇಲೆ ನಿಂತು ಕಡಲು ನೋಡಿ ಬೆಳೆದ ನಮಗೆ ಕಡಲಕೋಟೆಯೆಂದರೆ ಹೊಸತಲ್ಲ. ಆದರೆ ಬೇಕಲ ನೆಲಕ್ಕೆ ಅಂಟಿಕೊಂಡ ಒಂದು ಕೋಟೆ; ಇದು ಹಲವು ನಡುಗಡ್ಡೆಗಳನ್ನು ಪೋಣಿಸಿ ಕಟ್ಟಿದ ಕೋಟೆಗಳ ಮಾಲೆ. 1748ರಲ್ಲಿ ಆಗಸ್ಟಿನ್ ಎರೆನ್ಸ್‌ವರ್ಡ್ ಎಂಬ ಸ್ವೀಡಿಷ್ ಸೇನಾಧಿಕಾರಿಯ ನೇತೃತ್ವದಲ್ಲಿ ಕೆಲಸ ಆರಂಭವಾಯಿತು. ಸ್ವೀಡಿಷರು ಇಟ್ಟ ಹೆಸರು 'ಸ್ವೆಯಾಬೋರಿ', ಸ್ವೀಡನ್ನಿನ ಕೋಟೆ. ಫಿನ್ನಿಷ್ ಜನರ ಬಾಯಲ್ಲಿ ಅದು 'ವಿಯಾಪೋರಿ' ಆಯಿತು. ದೇಶ ಸ್ವತಂತ್ರವಾದ ಮೇಲೆ, 1918ರಲ್ಲಿ, 'ಸುವೊಮೆನ್‌ಲಿನ್ನಾ' ಎಂದು ಮರುನಾಮಕರಣವಾಯಿತು. ಅದರರ್ಥ ಫಿನ್ಲೆಂಡಿನ ಕೋಟೆ. ಆದರೆ ದಕ್ಕೆಯ ಫಲಕ ನೋಡಿ! ಮೇಲಿನ ಸಾಲಿನಲ್ಲಿ ಸುವೊಮೆನ್‌ಲಿನ್ನಾ, ಕೆಳಗಿನ ಸಾಲಿನಲ್ಲಿ ಸ್ವೆಯಾಬೋರಿ. ಒಂದೇ ಫಲಕದಲ್ಲಿ ಒಂದು ಸಾಲು 'ಇದು ನಮ್ಮ ಕೋಟೆ' ಎನ್ನುತ್ತದೆ, ಇನ್ನೊಂದು ಸಾಲು 'ಇದು ಅವರ ಕೋಟೆ' ಎನ್ನುತ್ತದೆ. ಹೆಸರನ್ನು ಕೆರೆದು ಅಳಿಸಬೇಕೆಂದು ಅವರಿಗೆ ತೋರಿಲ್ಲ. ಊರಿನ ಹೆಸರುಗಳ ಕೊನೆಗೆ ಒಂದು ಸೊನ್ನೆ ಬರುವುದೋ ಬಾರದಿರುವುದೋ ಎಂಬುದಕ್ಕಾಗಿ ಹೋರಾಡುತ್ತ ಬಂದಿರುವ ನಾವು, ಮಂಜೇಶ್ವರದವರೂ ಕುಂಬಳೆಯವರೂ, ಆ ಫಲಕದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕಾದುದು ನ್ಯಾಯವೇ.

ಆ ನಡುಗಡ್ಡೆಗಳಲ್ಲಿ ನಾವು ಸುಮಾರು ಮೂರು ಗಂಟೆ ನಡೆದೆವು. ದಾರಿಗಳಿಗೆ ಉರುಟು ಕಲ್ಲುಗಳನ್ನು ಹಾಸಿದ್ದಾರೆ. ಮೆತ್ತನೆಯ ಚಪ್ಪಲಿ ತೊಟ್ಟ ನನ್ನ ಪಾದಗಳಿಗೆ ಒಂದೊಂದು ಕಲ್ಲಿನ ಪರಿಚಯವೂ ಪ್ರತ್ಯೇಕವಾಗಿ ಆಯಿತು. ಆದರೂ ಕಂಡುದು ಎಷ್ಟು! ದಂಡಿನ ದೇವಾಲಯವೊಂದರ ಗುಮ್ಮಟವೇ ಹಡಗುಗಳಿಗೆ ದೀಪಸ್ತಂಭ. ಹದಿನೆಂಟನೆಯ ಶತಮಾನದ ಹಡಗುಕಟ್ಟೆಯಲ್ಲಿ ಈಗಲೂ ಹಳೆಯ ಮರದ ಹಡಗುಗಳನ್ನು ದುರಸ್ತಿ ಮಾಡುತ್ತಾರೆ. ಒಳಗೆ ಸಂಸಾರಸ್ಥರು ವಾಸವಾಗಿದ್ದಾರೆ. ಫಿರಂಗಿಯ ಕಿಂಡಿಯ ಪಕ್ಕದಲ್ಲಿ ಒಬ್ಬಾಕೆ ಬಟ್ಟೆ ಒಣಹಾಕಿದ್ದಳು. ಅರಸನ ಬಾಗಿಲೆಂಬ ಕಲ್ಲಿನ ದ್ವಾರದ ಬಳಿ ಎರೆನ್ಸ್‌ವರ್ಡನ ಮಾತುಗಳನ್ನು ಕೊರೆದ ಶಾಸನವಿದೆ. ಮುಂದಿನ ಪೀಳಿಗೆ ತನ್ನ ನೆಲದ ಮೇಲೆ ತಾನೇ ನಿಲ್ಲಬೇಕು, ಹೊರಗಿನವರ ನೆರವನ್ನು ನಂಬಬಾರದು ಎಂಬುದು ಅದರ ಭಾವ. ಮಾತು ಗಂಭೀರವಾದುದೇ. ಆದರೆ 1808ರಲ್ಲಿ ರಷ್ಯದ ಸೈನ್ಯ ಮುತ್ತಿಗೆ ಹಾಕಿದಾಗ ಅಷ್ಟು ದೊಡ್ಡ ಕೋಟೆ ಹೆಚ್ಚಿನ ಕಾದಾಟವಿಲ್ಲದೆ ಶರಣಾಯಿತು. 1918ರ ಅಂತರ್ಯುದ್ಧದ ತರುವಾಯ ಸೋತ ಪಕ್ಷದವರನ್ನು ಕೂಡಿಹಾಕಿದ ಸೆರೆಮನೆಯೂ ಅದೇ ಕೋಟೆಯಾಯಿತು. ಕಲ್ಲು ಹೇಳುವ ಮಾತಿಗೂ ಕೋಟೆ ಬಾಳಿದ ಬಾಳಿಗೂ ಇರುವ ಅಂತರವನ್ನು ಯಾರೂ ಅಲ್ಲಿ ಮರೆಮಾಡಿಲ್ಲ.

ಆ ಶಾಸನದ ಎದುರಿನ ಹುಲ್ಲಿನ ಮೇಲೆ ನಾನು ಕುಳಿತೇಬಿಟ್ಟೆ. ಆಗ ಮೊಮ್ಮಗಳು ಕೇಳಿದಳು:

"ಅಜ್ಜ, ನಿಮ್ಮ ಊರಿನಲ್ಲಿಯೂ ಎರಡು ಭಾಷೆ ಉಂಟಲ್ಲ, ಬೋರ್ಡಿನಲ್ಲಿ ಯಾವುದು ಮೇಲೆ, ಯಾವುದು ಕೆಳಗೆ?"

ಎರಡಲ್ಲ ಮಗಳೇ, ಏಳು ಎಂದು ಹೇಳಹೊರಟೆ. ತುಳು ಮನೆಯ ಮಾತು, ಕನ್ನಡ ಶಾಲೆಯ ಮಾತು, ಮಲಯಾಳ ಪೇಟೆಯ ಮಾತು, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಂದು ನಾವು ಸಭೆಗಳಲ್ಲಿ ಅಭಿಮಾನದಿಂದ ಎಣಿಸುತ್ತೇವಲ್ಲವೇ? ಆದರೆ ಆಕೆ ಕೇಳಿದ್ದು ಬೋರ್ಡಿನ ವಿಚಾರ.

"ಕೆಲವು ಕಡೆ ಎರಡೂ ಇರುತ್ತವೆ. ಕೆಲವು ಕಡೆ ಒಂದೇ ಇರುತ್ತದೆ" ಎಂದೆ.

"ಒಂದೇ ಇದ್ದಲ್ಲಿ ಓದಲಿಕ್ಕೆ ಬಾರದವರು ಹೇಗೆ ಹೋಗುತ್ತಾರೆ?"

"ಕೇಳಿಕೊಂಡು ಹೋಗುತ್ತಾರೆ."

"ನಿತ್ಯವೂ ಕೇಳಬೇಕೇ?"

ನಾನು ಉತ್ತರ ಕೊಡಲಿಲ್ಲ. ಅಕ್ಷರ ಬಾರದೆ ಕೇಳುವುದು ಒಂದು. ಅಕ್ಷರ ಕಲಿತು, ಕಲಿಸಿ, ಮುಪ್ಪಿನಲ್ಲಿ ತನ್ನ ಊರಿನ ಬಸ್ಸಿನ ಫಲಕವನ್ನು ಪಕ್ಕದವನಿಂದ ಓದಿಸಿಕೊಳ್ಳುವುದು ಇನ್ನೊಂದು. ನಾನು ಮಲಯಾಳ ಓದಬಲ್ಲೆ. ಅದು ಸುಂದರವಾದ ಭಾಷೆ, ಅದರ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಆದರೆ ನನ್ನ ಅಕ್ಕ ಓದಲಾರಳು. ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ಪೇಟೆಯಲ್ಲಿ ಬಸ್ಸಿನ ಬಣ್ಣ ನೋಡಿ ಹತ್ತುತ್ತಿದ್ದಳು. ಬಣ್ಣ ಬದಲಾದ ದಿನ ಬೇರೆ ಊರಿಗೆ ಹೋಗಿಬಿಟ್ಟಿದ್ದಳು. ಅದನ್ನು ನಾವು ಮನೆಯಲ್ಲಿ ವರ್ಷಗಟ್ಟಲೆ ತಮಾಷೆಯಾಗಿ ಹೇಳುತ್ತಿದ್ದೆವು. ಆ ಹುಲ್ಲಿನ ಮೇಲೆ ಕುಳಿತಾಗ ಅದು ತಮಾಷೆಯೆಂದು ತೋರಲಿಲ್ಲ.

ಮಧ್ಯಾಹ್ನ ಮೂರು ಗಂಟೆಗೆ ಮರಳಿ ಊರಿನ ದಡ ಸೇರಿದೆವು. ಮರಗಳ ಸಾಲಿನ ನಡುವೆ ಎಸ್ಪ್ಲನಾದಿ ಎಂಬ ಉದ್ಯಾನವಿದೆ. ಅದರ ಮಧ್ಯದಲ್ಲಿ ಕವಿ ಯೋಹಾನ್ ಲುಡ್ವಿಗ್ ರೂನೆಬೆರಿಯ ಪ್ರತಿಮೆ. 1885ರಲ್ಲಿ ನಿಲ್ಲಿಸಿದ್ದು, ಕಡೆದವನು ಕವಿಯ ಸ್ವಂತ ಮಗ. ಫಿನ್ಲೆಂಡಿನ ರಾಷ್ಟ್ರಗೀತೆಯನ್ನು ಬರೆದವನು ಈತನೇ. ಬರೆದದ್ದು ಸ್ವೀಡಿಷ್ ಭಾಷೆಯಲ್ಲಿ! ಅದಕ್ಕೆ ರಾಗ ಹಾಕಿದವನು ಜರ್ಮನಿಯಲ್ಲಿ ಹುಟ್ಟಿದವನು. ಫಿನ್ನಿಷರು ಇಂದು ಹಾಡುವುದು ಅದರ ಅನುವಾದವನ್ನು. ನನಗೆ ತಟ್ಟನೆ ನಮ್ಮ ಮಂಜೇಶ್ವರದ ಗೋವಿಂದ ಪೈಗಳ ನೆನಪಾಯಿತು. ಮನೆಯಲ್ಲಿ ಕೊಂಕಣಿ ಮಾತಾಡುತ್ತಿದ್ದ ಅವರು ಕನ್ನಡದ ಕವಿಯಾದರು. 1949ರಲ್ಲಿ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿದ್ದು ಮದರಾಸು ಸರಕಾರ. ಭಾಷೆಗಳ ನಡುವೆ ಗಡಿ ಎಳೆಯುವುದು ಎಷ್ಟು ಸುಲಭವೋ ಕವಿಗಳನ್ನು ಆ ಗಡಿಯೊಳಗೆ ನಿಲ್ಲಿಸುವುದು ಅಷ್ಟೇ ಕಷ್ಟ.

ಇನ್ನು ಮುಂದಿನದನ್ನು ಬೇಗಬೇಗನೆ ಹೇಳುತ್ತೇನೆ; ನಾವು ನೋಡಿದ್ದೂ ಬೇಗಬೇಗನೆಯೇ. ಟ್ರಾಮ್ ಹತ್ತಿ, ಇಳಿದು, ನಡೆದು, 1969ರಲ್ಲಿ ಬಂಡೆಯನ್ನು ಕೊರೆದು ನಿರ್ಮಿಸಿದ ತೆಂಪೆಲಿಯಾವುಕಿಯೊ ದೇವಾಲಯವನ್ನು ಕಂಡೆವು. ಒರಟಾದ ಬಂಡೆಯೇ ಗೋಡೆ, ತಾಮ್ರದ ಗುಮ್ಮಟವೇ ಮಾಡು, ನಡುವೆ ಸುತ್ತಲೂ ಗಾಜಿನಿಂದ ಇಳಿಯುವ ಬೆಳಕು. ಯಾರೋ ಪಿಯಾನೊ ನುಡಿಸುತ್ತಿದ್ದರು. ಭಕ್ತಿಯಿಂದಲೋ ಬಳಲಿಕೆಯಿಂದಲೋ ನಾನು ಕಣ್ಣು ಮುಚ್ಚಿದೆ; ಹತ್ತು ನಿಮಿಷ ಗೊರಕೆ ಹೊಡೆದೆನೆಂದು ಮಗಳು ಅನಂತರ ತಿಳಿಸಿದಳು. ಆ ದೇವಾಲಯದಲ್ಲಿ ಧ್ವನಿ ಅತ್ಯುತ್ತಮವಾಗಿ ಕೇಳಿಸುತ್ತದೆಂದು ಪ್ರಸಿದ್ಧಿ.

ಅಲ್ಲಿಂದ ಸಂಗೀತಕಾರ ಸಿಬೇಲಿಯಸನ ಸ್ಮಾರಕ. ಆರುನೂರಕ್ಕೂ ಹೆಚ್ಚು ಉಕ್ಕಿನ ಕೊಳವೆಗಳನ್ನು ಅಲೆಯಂತೆ ಜೋಡಿಸಿ ಐಲಾ ಹಿಲ್ಟುನೆನ್ ಎಂಬ ಮಹಿಳೆ ನಿರ್ಮಿಸಿದ್ದು, 1967ರಲ್ಲಿ. ಮನುಷ್ಯನ ಮುಖವೇ ಇಲ್ಲವಲ್ಲವೆಂದು ಜನ ಆಕ್ಷೇಪಿಸಿದ್ದರಿಂದ ಪಕ್ಕದಲ್ಲಿ ಅವನ ಮುಖವನ್ನೂ ಮಾಡಿ ಇಟ್ಟಿದ್ದಾರೆ. ಕೊಳವೆಗಳೇ ಸಾಕಾಗಿತ್ತು.

ಸಂಜೆ ಏಳೂವರೆಗೆ ಕೊನೆಯ ಸ್ಥಳ, ಓದಿ ಎಂಬ ಗ್ರಂಥಾಲಯ. ಹೆಸರು ಕೇಳಿ ನಾನು ಕಿವಿ ನಿಮಿರಿಸಿದೆ. ಗ್ರಂಥಾಲಯಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ಹೆಸರುಂಟೇ? ಫಿನ್ನಿಷ್ ಭಾಷೆಯಲ್ಲಿ ಆ ಶಬ್ದಕ್ಕೆ ಪ್ರಗಾಥವೆಂದರ್ಥ. ಸ್ವಾತಂತ್ರ್ಯ ದಿನದ ಹಿಂದಿನ ದಿನ, 2018ರ ಡಿಸೆಂಬರ್ 5ರಂದು, ಸಂಸತ್ ಭವನಕ್ಕೆ ಎದುರಾಗಿ ಅದನ್ನು ತೆರೆದರು. ಮೇಲಂತಸ್ತಿನಲ್ಲಿ ಪುಸ್ತಕಗಳು, ನಡುವೆ ಗಿಡಮರಗಳು. ಕೆಳಗಿನ ಅಂತಸ್ತಿನಲ್ಲಿ ಯಾರು ಬೇಕಾದರೂ ಬಳಸಬಹುದಾದ ಹೊಲಿಗೆಯ ಯಂತ್ರಗಳು. ಮಕ್ಕಳ ವಿಭಾಗದಲ್ಲಿ ಬೇರೆ ಬೇರೆ ಭಾಷೆಗಳ ಪುಸ್ತಕಗಳಿದ್ದವು. ಕನ್ನಡವನ್ನು ಹುಡುಕಿದೆ, ನನ್ನ ಕಣ್ಣಿಗೆ ಬೀಳಲಿಲ್ಲ. ಬೇರೆ ಮನೆಮಾತಿನ ಮಕ್ಕಳು ಸಾಕಷ್ಟು ಸಂಖ್ಯೆಯಲ್ಲಿ ಸೇರಿದರೆ ವಾರಕ್ಕೆ ಒಂದೆರಡು ತಾಸು ಆ ಭಾಷೆಯ ಪಾಠವನ್ನು ಅಲ್ಲಿಯ ಶಾಲೆಗಳಲ್ಲಿ ಏರ್ಪಡಿಸುತ್ತಾರೆ. ಕನ್ನಡಕ್ಕೆ ಅಷ್ಟು ಮಕ್ಕಳು ಕೂಡಿಲ್ಲವೆಂದು ಮಗಳು ಹೇಳಿದಳು. ಮಕ್ಕಳು ಕೂಡಲಿಲ್ಲವೆಂಬ ಮಾತನ್ನು ನಾನು ಬೇರೊಂದು ಊರಿನಲ್ಲಿಯೂ ಕೇಳಿದ್ದೆ. ಅಲ್ಲಿ ಕೂಡಬೇಕಾದ ಮಕ್ಕಳು ನೆರೆಮನೆಯಲ್ಲಿಯೇ ಇದ್ದರು. ಆದರೆ ಇಂಗ್ಲಿಷ್ ಶಾಲೆಯ ಬಸ್ಸು ಅವರನ್ನು ಕೊಂಡೊಯ್ಯುತ್ತಿತ್ತು. ಅದಕ್ಕೆ ಯಾವ ಸರಕಾರವನ್ನು ದೂರೋಣ?

ಮೊಮ್ಮಗಳು ಅಲ್ಲಿ ನನಗೆ ಫಿನ್ನಿಷ್ ಪಾಠ ಹೇಳಿದಳು. ಆ ಭಾಷೆಯನ್ನು ಬರೆದಂತೆಯೇ ಓದುತ್ತಾರೆ, ನಮ್ಮ ಕನ್ನಡದಂತೆ. ಹ್ರಸ್ವ ದೀರ್ಘಗಳ ಭೇದವೂ ಒತ್ತಕ್ಷರಗಳ ಭೇದವೂ ಅಲ್ಲಿ ಬಹಳ ಮುಖ್ಯ. ದೀರ್ಘವಾದರೆ ಸ್ವರಾಕ್ಷರವನ್ನು ಎರಡು ಸಲ ಬರೆಯುತ್ತಾರೆ. 'ತಪಾನ್' ಎಂದರೆ ಭೇಟಿಯಾಗುತ್ತೇನೆ ಎಂದರ್ಥ, 'ತಪನ್' ಎಂದರೆ ಕೊಲ್ಲುತ್ತೇನೆ ಎಂದರ್ಥ. "ಅಜ್ಜ, ದೀರ್ಘ ಬಿಟ್ಟರೆ ಪೋಲೀಸರು ಬರುತ್ತಾರೆ" ಎಂದು ನನ್ನನ್ನು ಎಚ್ಚರಿಸಿದಳು. ಮೂವತ್ತೊಂದು ವರ್ಷ ನಾನು ಉಕ್ತಲೇಖನದಲ್ಲಿ ದೀರ್ಘ ಬಿಟ್ಟ ಮಕ್ಕಳಿಗೆ ಇಷ್ಟು ಪರಿಣಾಮಕಾರಿಯಾದ ಕಾರಣವನ್ನು ಎಂದೂ ಕೊಟ್ಟಿರಲಿಲ್ಲ.

ಮನೆ ಸೇರಿದಾಗ ರಾತ್ರಿ ಹತ್ತು ಗಂಟೆ. ಅಂಗಳದಲ್ಲಿ ಹಳದಿಯ ಬಿಸಿಲು. ಹದಿನಾಲ್ಕು ಗಂಟೆಗಳ ಕಾಲ ನಡೆದೂ ನಿಂತೂ ಬಾತುಹೋದ ಕಾಲುಗಳನ್ನು ಬಿಸಿನೀರಿನಲ್ಲಿ ಇಳಿಬಿಟ್ಟು ಕುಳಿತೆ. ಮಗು ಮಲಗಿತೆಂದು ಭಾವಿಸಿದ್ದೆ. ಸ್ವಲ್ಪ ಹೊತ್ತಿನಲ್ಲಿ ನನ್ನ ಕೋಣೆಯ ಬಾಗಿಲ ಬಳಿ ಕಾಗದದ ಸದ್ದಾಯಿತು. ಹೋಗಿ ನೋಡಿದರೆ ಆಕೆ ಒಂದು ಫಲಕವನ್ನು ಬರೆದು ಅಂಟಿಸುತ್ತಿದ್ದಳು. ಅದರಲ್ಲಿ ಮೂರು ಸಾಲು, ಮೂರಕ್ಕೂ ಒಂದೇ ಗಾತ್ರದ ಅಕ್ಷರ. ಮೇಲೆ ಕನ್ನಡ, ನಡುವೆ ಫಿನ್ನಿಷ್, ಕೆಳಗೆ, ತಾಯಿಯ ಫೋನಿನಲ್ಲಿ ಹುಡುಕಿ ನೋಡಿ ಬರೆದ ಸ್ವೀಡಿಷ್.

"ಕನ್ನಡ ಯಾಕೆ ಮೇಲೆ?" ಎಂದು ಕೇಳಿದೆ.

"ಈ ಕೋಣೆಯಲ್ಲಿ ಇರುವುದು ನೀವೊಬ್ಬರೇ ಅಲ್ಲವೇ ಅಜ್ಜ? ನೂರಕ್ಕೆ ನೂರು ಕನ್ನಡದವರು" ಎಂದಳು.

ಫಲಕದಲ್ಲಿ 'ಅಜ್ಜನ ಕೊಣೆ' ಎಂದಿತ್ತು. ದೀರ್ಘ ಬಿಟ್ಟಿದ್ದಳು. ಕೆಂಪು ಪೆನ್ಸಿಲಿಗಾಗಿ ನನ್ನ ಕೈ ಜೇಬಿಗೆ ಹೋಯಿತು. ಹಾಗೆಯೇ ಹಿಂದಕ್ಕೆ ತೆಗೆದೆ. ಮರುದಿನ ಬೆಳಿಗ್ಗೆ ಇಬ್ಬರೂ ಕುಳಿತು ತಿದ್ದಿದೆವು.